ಇಸ್ತ್ರಿ ಅತ್ತೆಗೆ ಬಾರದ ಮಾತು

ಶನಿವಾರ ಸಂಜೆ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಅತ್ತೆ ಒತ್ತಿದ ಕಾಲರನ್ನೇ ಮತ್ತೆ ಮತ್ತೆ ಒತ್ತುತ್ತಿದ್ದಳು. ಎದುರಿಗೆ ಮಡಿಸಿಟ್ಟ ಹೊದಿಕೆಗಳ ರಾಶಿಗೆ ಒರಗಿ ಅಣ್ಣನ ಮಗಳು ಪುಟ್ಟಿ ನಿಂತಿದ್ದಳು.

"ಒಂದೇ ಒಂದು ಮಾತು, ಅತ್ತೆ. 'ಕರ್ತನು ಬೇಡ ಅಂದ' ಅಂತ ನಾಳೆ ಹೇಳ್ಬಿಡು. ಅಷ್ಟು ಸಾಕು."

"ಅವನು ನನಗೆ ಹಾಗೆ ಹೇಳಿಲ್ವಲ್ಲೇ."

"ಬೇಕು ಅಂತಾನೂ ಹೇಳಿಲ್ಲ ತಾನೇ?"

"ಏನೂ ಹೇಳಿಲ್ಲ. ಅದೇ ನನ್ನ ಕಷ್ಟ."

ಕಷ್ಟ ಶುರುವಾದದ್ದು ಬುಧವಾರ ಚರ್ಚಿನ ಪ್ರಾರ್ಥನೆಯಲ್ಲಿ. ಸಭೆಯಲ್ಲಿ ಹಾಡುಗಳಿಗೆ ಕೀಬೋರ್ಡ್ ನುಡಿಸುವ ಹುಡುಗ ಇದ್ದಕ್ಕಿದ್ದಂತೆ ಎದ್ದು ನಿಂತು, ಬೆವರು ಸುರಿಸುತ್ತಾ, ಪುಟ್ಟಿಯೇ ತನ್ನ ಹೆಂಡತಿಯೆಂದು ಕರ್ತನಾದ ದೇವರು ತನಗೆ ತಿಳಿಸಿದ್ದಾನೆ ಎಂದುಬಿಟ್ಟ. ಕೆಟ್ಟವನೇನಲ್ಲ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ದುಡಿಯುತ್ತಾನೆ, ಯಾರ ಮನೆಯ ಫ್ಯಾನು ಕೆಟ್ಟರೂ ಏಣಿ ಹೊತ್ತು ಓಡುತ್ತಾನೆ. ಆದರೆ ಒಳ್ಳೆಯವನೆಂಬ ಒಂದೇ ಕಾರಣಕ್ಕೆ ಒಬ್ಬನನ್ನು ಕಟ್ಟಿಕೊಳ್ಳಬೇಕೆಂದರೆ ಊರಿನ ಅರ್ಧ ಗಂಡಸರನ್ನು ಕಟ್ಟಿಕೊಳ್ಳಬೇಕಾದೀತು. ಪುಟ್ಟಿಗೆ ಅವನ ಮೇಲೆ ಮನಸ್ಸಿರಲಿಲ್ಲ. ಅವಳಿಗೆ ಮನಸ್ಸಿದೆಯೋ ಇಲ್ಲವೋ ಎಂದು ಯಾರೂ ಕೇಳಲೂ ಇಲ್ಲ. ಅವಳ ಅಮ್ಮನಂತೂ ಅಂದೇ ಕಣ್ಣೀರಿಟ್ಟು ಸ್ತೋತ್ರ ಮಾಡಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಒಂದು ದಡ ಸೇರಿಸುವುದೇ ಅವಳ ಹಗಲೂ ರಾತ್ರಿಯ ಚಿಂತೆಯಾಗಿತ್ತು.

ಆ ಸಭೆಗೆ ಒಂದು ಪದ್ಧತಿ ಇತ್ತು. ದೇವರು ತಿಳಿಸಿದ ಮಾತೆಂದು ಯಾರೇ ಪ್ರವಾದನೆ ಹೇಳಲಿ, ಅದನ್ನು ಹಾಗೇ ನುಂಗುವಂತಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಕೂತು ಆ ಮಾತನ್ನು ತೂಗಿ ನೋಡಬೇಕು. ಪದ್ಧತಿ ಒಳ್ಳೆಯದೇ. ಆದರೆ ತೂಗುವ ಕೆಲಸಕ್ಕೆ ತಲೆ ಬೇಕು, ತಾಳ್ಮೆ ಬೇಕು. ಬರಬರುತ್ತಾ ಎಲ್ಲರೂ ಅದನ್ನು ಇಸ್ತ್ರಿ ಅತ್ತೆಯ ತಲೆಗೆ ಕಟ್ಟಿ ಹಾಯಾಗಿದ್ದರು. ಅವಳಿಗೆ ಪ್ರವಾದನೆಯ ವರ ಇತ್ತು. ಅದು ನಿಜ. ಯಾವಾಗಲೋ ಒಮ್ಮೆ, ಒದ್ದೆ ಬಟ್ಟೆಯ ಹಬೆಯ ನಡುವೆ, ಯಾರದೋ ಬಗ್ಗೆ ಒಂದು ಮಾತು ಎದೆಯಲ್ಲಿ ಬಂದು ಕೂರುತ್ತಿತ್ತು. ಹೇಳುವ ತನಕ ಏಳುತ್ತಿರಲಿಲ್ಲ. ಹೇಳಿದ ಮೇಲೆ ಕೇಳಿದವರು ಅತ್ತಿದ್ದರು, ಮುರಿದ ಮನೆಗಳು ಕೂಡಿಕೊಂಡಿದ್ದವು. ಬೇರೆಯವರ ಬದುಕಿನ ಗುಟ್ಟು ಬರುತ್ತಿತ್ತೇ ಹೊರತು, ತನ್ನ ಬೀಗದ ಕೈ ಎಲ್ಲಿಟ್ಟೆ ಎನ್ನುವುದು ಮಾತ್ರ ಯಾವತ್ತೂ ಬಂದದ್ದಿಲ್ಲ.

ಬುಧವಾರದಿಂದ ಅವಳು ಬೇಡಿಕೊಂಡದ್ದೇ ಬೇಡಿಕೊಂಡದ್ದು. ಒಂದು ಮಾತು ಕೊಡು, ಹೌದೋ ಅಲ್ಲವೋ ಅನ್ನು. ಎದೆ ಖಾಲಿ.

"ನೀನು ಹೇಳಿದ್ರೆ ಎದುರಾಡೋರು ಯಾರೂ ಇಲ್ಲ," ಎಂದಳು ಪುಟ್ಟಿ. "ನಾನು ಬೇಡ ಅಂದ್ರೆ ದೇವರಿಗೇ ಬೇಡ ಅಂದ ಹಾಗಂತೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿನಗೆ ನನಗಿಂತ ನಿನ್ನ ಹೆಸರು ದೊಡ್ಡದಾ?"

ಅತ್ತೆಗೆ ಆ ಮಾತು ಚುರುಕ್ಕೆಂದಿತು. ಪುಟ್ಟಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು.

ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೆ ಆನಿಕೊಂಡು ನಿಂತಿದ್ದರು. ಕೀಬೋರ್ಡ್ ಹುಡುಗ ಹೊಸ ಅಂಗಿ ಹಾಕಿದ್ದ. ಇಸ್ತ್ರಿ ಮಾಡಿದ್ದು ಅತ್ತೆಯೇ, ನಿನ್ನೆ ಅವಳು ಒತ್ತಿ ಒತ್ತಿ ಸವೆಸಿದ ಕಾಲರು ಅವನದೇ. ಪುಟ್ಟಿ ಅಮ್ಮನ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದಳು. ಪಾಸ್ಟರು ಚಿಕ್ಕ ಪ್ರಾರ್ಥನೆ ಮುಗಿಸಿ ನೇರವಾಗಿ ಅತ್ತೆಯ ಕಡೆ ತಿರುಗಿದರು.

"ಹೇಳಿ ಅತ್ತೆ. ಕರ್ತನು ನಿಮಗೆ ಏನು ಹೇಳಿದ?"

ಪುಟ್ಟಿ ತಲೆ ಎತ್ತಿದಳು. ಆ ಕಣ್ಣು ಥೇಟು ಅಣ್ಣನದು. ಅತ್ತೆಯ ನಾಲಿಗೆಯ ತುದಿಯಲ್ಲಿ ಆ ವಾಕ್ಯ ಸಿದ್ಧವಾಗಿತ್ತು. ಬೇಡ ಅಂದ. ಎಷ್ಟು ಸಣ್ಣ ಮಾತು! ಯಾರಿಗೂ ಗೊತ್ತಾಗುವುದಿಲ್ಲ, ಮೇಲಿರುವ ಒಬ್ಬನಿಗೆ ಬಿಟ್ಟು.

"ಏನೂ ಹೇಳಿಲ್ಲ," ಎಂದಳು.

ಪುಟ್ಟಿಯ ಮುಖ ಬಿಳಿಚಿಕೊಂಡಿತು. ಅವಳಮ್ಮ ಮಗಳ ಕೈ ಹಿಡಿದು ಅದುಮಿದಳು. ಪಾಸ್ಟರು ನಿರಾಳವಾಗಿ ಉಸಿರು ಬಿಟ್ಟು, "ಹಾಗಾದ್ರೆ ಅಡ್ಡಿ ಏನೂ ಇಲ್ಲ ಅಂತಾಯ್ತು," ಎಂದು ಎದ್ದೇಬಿಟ್ಟರು.

"ಕೂತ್ಕೊಳ್ಳಿ ಪಾಸ್ಟರ್. ನನ್ನ ಮಾತು ಮುಗಿದಿಲ್ಲ."

ಅವರು ಕೂತರು. ಇಷ್ಟು ವರ್ಷ ಈ ಕೋಣೆಯಲ್ಲಿ ಅತ್ತೆ ಕರ್ತನು ಕೊಟ್ಟ ಮಾತನ್ನು ಆಡಿದ್ದಳೇ ಹೊರತು ತನ್ನದೇ ಮಾತು ಆಡಿದ್ದಿಲ್ಲ. ಇಂದು ಹಿಂದೆ ಆಸರೆಗೆ ಯಾರೂ ಇಲ್ಲದಂತೆ ಭಯವಾಯಿತು.

"ಪ್ರವಾದನೆ ಕೇಳಿದವರು ಗಟ್ಟಿ ಆಗ್ಬೇಕು, ಅವರಿಗೆ ಧೈರ್ಯ ಬರಬೇಕು, ಸಮಾಧಾನ ಆಗ್ಬೇಕು ಅಂತ ನೀವೇ ಕಲಿಸಿದ್ದು. ಈ ಮಾತು ಕೇಳಿದ ಮೇಲೆ ಈ ಹುಡುಗಿ ನೆಟ್ಟಗೆ ಊಟ ಮಾಡಿಲ್ಲ, ನಿದ್ದೆ ಮಾಡಿಲ್ಲ. ಇದರಿಂದ ಗಟ್ಟಿ ಆದೋರು ಯಾರು?" ಅವಳು ಕೀಬೋರ್ಡ್ ಹುಡುಗನ ಕಡೆ ತಿರುಗಿದಳು. "ನಿನ್ನನ್ನ ಬೈಯ್ಯೋಕೆ ಕೇಳ್ತಿಲ್ಲ, ಮಗಾ. ನಿನಗೆ ಏನು ಕೇಳಿಸ್ತು? ಇದ್ದದ್ದು ಇದ್ದ ಹಾಗೆ ಹೇಳು."

ಅವನು ಎದ್ದು ನಿಂತ. "ಅವಳು ಹಾಡ್ತಾ ಇದ್ದಳು. ನಾನು ನುಡಿಸ್ತಾ ಇದ್ದೆ. ಎದೆ ತುಂಬಿ ಬಂತು. ಇವಳೇ ಅನ್ನಿಸ್ತು."

"ಅನ್ನಿಸಿದ್ದು ಯಾರಿಗೆ?"

ಅವನು ಹೊಸ ಅಂಗಿಯ ಕಾಲರು ಸಡಿಲಿಸಿಕೊಂಡ. ಕಿವಿಗಳು ಕೆಂಪಾಗುತ್ತಿದ್ದವು. ಆ ಹುಡುಗ ಅಲ್ಲೊಂದು ಸುಳ್ಳು ಹೇಳಿದ್ದರೆ ಅತ್ತೆಯ ಕೈಯಲ್ಲಿ ಮಾಡಲು ಏನೂ ಉಳಿಯುತ್ತಿರಲಿಲ್ಲ.

"ನನಗೇ, ಅತ್ತೆ," ಎಂದ ಕೊನೆಗೆ. "ದೇವರು ಅಂದನಾ ಅಂತ ಈಗ ಕೇಳಿದ್ರೆ... ಗೊತ್ತಿಲ್ಲ. ನನಗೆ ಅವಳು ತುಂಬಾ ಇಷ್ಟ. ಅದಂತೂ ನಿಜ. ನೇರವಾಗಿ ಕೇಳೋಕೆ ಹೆದರಿಕೆ ಆಯ್ತು."

"ನಿನ್ನ ಹೆದರಿಕೆ ನಿನ್ನ ಮೇಲಿಂದ ಇಳೀತು, ಅವಳ ಮೇಲೆ ಏರ್ತು. ನೀನು ಕೇಳಿದ್ದಿದ್ರೆ ಅವಳು ಹೂಂ ಅನ್ನಬಹುದಿತ್ತು, ಊಹೂಂ ಅನ್ನಬಹುದಿತ್ತು. ದೇವರನ್ನ ಮುಂದೆ ಮಾಡ್ಕೊಂಡು ಬಂದ್ರೆ ಅವಳು ಎಲ್ಲಿಗೆ ಹೋಗ್ಬೇಕು?"

ಕೋಣೆಯಲ್ಲಿ ಗುಜುಗುಜು ಎದ್ದಿತು. ಪುಟ್ಟಿಯ ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೀಬೋರ್ಡ್ ಹುಡುಗ ಪುಟ್ಟಿಯ ಮುಂದೆ ಬಂದು ನಿಂತ.

"ನಿನಗೆ ನಾನು ಇಷ್ಟಾನಾ?"

ಪುಟ್ಟಿ ಅಮ್ಮನ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಇಲ್ಲ," ಎಂದಳು ಪುಟ್ಟಿ. ಅವಳ ದನಿ ಮೆತ್ತಗಿತ್ತು, ಆದರೆ ಗೋಡೆಗೆ ಆನಿಕೊಂಡವರಿಗೂ ಕೇಳಿಸಿತು.

ಅವನು ತಲೆ ಆಡಿಸಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಪಾಸ್ಟರ ಕಡೆ ತಿರುಗಿ, "ಬುಧವಾರದ ಮಾತು ನನ್ನದು, ಕರ್ತನದಲ್ಲ. ವಾಪಸ್ ತಗೊಳ್ತೀನಿ," ಎಂದ. ಅತ್ತೆಗೆ ಅವನ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತು. ಪಾಸ್ಟರು ಅವನ ಹೆಗಲ ಮೇಲೆ ಕೈಯಿಟ್ಟರು.

ಅತ್ತೆ, ಪುಟ್ಟಿ ಇಬ್ಬರೂ ಹೊರಗೆ ಬಂದು ಬೀದಿಯ ತಿರುವು ದಾಟಿದರು.

"'ಏನೂ ಹೇಳಿಲ್ಲ' ಅಂದ್ಯಲ್ಲ, ಆಗ ನಿನ್ನನ್ನ ಕೊಂದುಬಿಡೋಣ ಅನ್ನಿಸ್ತು," ಎಂದಳು ಪುಟ್ಟಿ.

"ನನಗೂ ಹಾಗೇ ಅನ್ನಿಸ್ತು."

"ಆ ಹುಡುಗ ನಿಜ ಹೇಳದೇ ಇದ್ದಿದ್ರೆ? ನೀನು ಸುಳ್ಳು ಹೇಳಿದ್ದಿದ್ರೆ ನಾನು ಖಂಡಿತ ಬಚಾವಾಗ್ತಿದ್ದೆ."

"ಆಗ್ತಿದ್ದೆ," ಎಂದು ಅತ್ತೆ ಅವಳ ತೋಳು ಹಿಡಿದುಕೊಂಡಳು. "ಆಮೇಲೆ ಒಂದಿನ ನಿನಗೆ ಯಾವನೋ ಒಬ್ಬ ನಿಜವಾಗ್ಲೂ ಇಷ್ಟ ಆಗ್ತಿದ್ದ. ಕರ್ತನು ಹೂಂ ಅಂದನಾ ಅಂತ ಆಗಲೂ ನೀನು ನನ್ನ ಬಾಯಿ ನೋಡ್ಕೊಂಡೇ ನಿಲ್ಲಬೇಕಾಗ್ತಿತ್ತು."