ಮೆಂತ್ಯ ಬಳಿದ ಸೇರು

ಮಸ್ಕಿಯ ಪೇಟೆಯಲ್ಲಿ ಯಾರಾದರೂ ಆಣೆ ಮಾಡಬೇಕಾದರೆ ಗುಡ್ಡದ ಮಲ್ಲಯ್ಯ ದೇವರ ಮೇಲೆ ಮಾಡುತ್ತಿದ್ದರು, ಇಲ್ಲವೇ ಕಾಳಿನ ವ್ಯಾಪಾರಿ ಅಂಬಪ್ಪನ ಅಳತೆಯ ಸೇರಿನ ಮೇಲೆ. ಮಲ್ಲಯ್ಯನನ್ನು ಮುಟ್ಟಲು ಗುಡ್ಡ ಹತ್ತಬೇಕು; ಸೇರು ಅವನ ಅಂಗಡಿಯ ಕಟ್ಟೆಯ ಮೇಲೇ ಇರುತ್ತಿತ್ತು. ಹಾಗಾಗಿ ಸೇರಿನ ಮೇಲಿನ ಆಣೆಗಳೇ ಹೆಚ್ಚು.

ಅದು ಅಂಬಪ್ಪನ ಅಜ್ಜನ ಕಾಲದ್ದು. ಬಿದಿರಿನ ಸೀಳಿನಿಂದ ಹೆಣೆದು, ಬಾಯಿಗೆ ಹಿತ್ತಾಳೆಯ ಪಟ್ಟಿ ಕೊಟ್ಟದ್ದು. ಕಾಳು ಸಂದಿಯಲ್ಲಿ ಸಿಕ್ಕಬಾರದೆಂದು ಅದರ ಒಳಮೈಗೆ ಮೆಂತ್ಯ ರುಬ್ಬಿ ಬಳಿಯುತ್ತಿದ್ದರು. ದೀಪಾವಳಿ ಬಂತೆಂದರೆ ಹೊಸ ಮೆಂತ್ಯ, ಹೊಸ ಅರಿಶಿನ, ಲಕ್ಷ್ಮಿಯ ಮಗ್ಗುಲಲ್ಲಿ ಪೂಜೆ. ಅಳೆಯುವಾಗ ಎಲ್ಲ ವ್ಯಾಪಾರಿಗಳಂತೆ ಅಂಬಪ್ಪನೂ ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದ. ಆ ಲಾಭ ಕೊಂಡವರಿಗೂ ಆಗಲೆಂದು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಆ ಕಣ್ಣು ಮುಚ್ಚುವುದು ಮಾತ್ರ ಅವನದೇ ರೂಢಿ.

ನಿಜಾಮರ ಆಳ್ವಿಕೆಯ ಕೊನೆಯ ವರುಷಗಳು ಅವು. ಒಂದು ಮುಂಜಾನೆ ಡಂಗುರದವನು ಪೇಟೆಯಲ್ಲಿ ಸಾರಿ ಹೋದ. ಅಳತೆ ತೂಕಕ್ಕೆ ಹೊಸ ಕಾನೂನು ತರುವ ವಿಚಾರ ಹೈದರಾಬಾದಿನಲ್ಲಿ ನಡೆದಿದೆಯಂತೆ. ಅಂಗಡಿ ಅಂಗಡಿಯ ಸೇರನ್ನೂ ಸರ್ಕಾರದ ಹಿತ್ತಾಳೆ ಸೇರಿಗೆ ತಾಳೆ ನೋಡಿ ಮೊಹರು ಒತ್ತುತ್ತಾರಂತೆ. ಬೇಕು ಎನ್ನುವವರು, ಬೇಡ ಎನ್ನುವವರು ಬರುವ ಸಂತೆಯ ದಿನ ಚಾವಡಿಗೆ ಬಂದು ಲಿಂಗಸುಗೂರಿನ ತಹಶೀಲ್ದಾರರ ಮುಂದೆ ಹೇಳಬೇಕಂತೆ.

ಡಂಗುರದ ಸದ್ದು ಅಡಗುವ ಮೊದಲೇ ಆದಪ್ಪ ಬಂದ. ಪೇಟೆಯ ಕಾಳಿನ ವ್ಯಾಪಾರಿಗಳಿಗೆಲ್ಲ ಅವನೇ ಹಿರಿಯ.

"ಲೇ ಅಂಬಪ್ಪ, ಚಾವಡ್ಯಾಗ ನೀನ ಮಾತಾಡ್ಬೇಕು. ನಮ್ಮ ಸೇರು ಅಂದ್ರ ಮಂದಿ ನಗ್ತಾರ, ನಿನ್ನ ಸೇರಿಗೆ ಕೈ ಮುಗೀತಾರ. 'ದೇವರ ಜಗಲಿ ಮ್ಯಾಲೆ ಪೂಜಿ ಆಗೂ ಸೇರಿಗೆ ಮೊಹರು ಯಾಕ್ರೀ ಸಾಹೇಬ್ರ' ಅಂದು ಕುಂತು ಬಿಡು. ಸಾಕು."

"ಅಂತೀನಿ ತಗೋ," ಎಂದ ಅಂಬಪ್ಪ. ಅದರಲ್ಲಿ ಅವನಿಗೆ ಸುಳ್ಳೇನೂ ಕಾಣಲಿಲ್ಲ.

ಆದಪ್ಪ ಹೋದ ಮೇಲೆ ಮಂಡಕ್ಕಿ ಮಾರುವ ಜಮೀಲಾಬೀ ಜೋಳಕ್ಕೆ ಬಂದಳು. ಅಳೆಯುತ್ತ ಅಂಬಪ್ಪ ಸುಮ್ಮನೆ ಕೇಳಿದ:

"ಸೊಸಿ ಇಮಾಮ್‌ಬೀ ಕಾಣವಲ್ಲಳಲ್ಲ?"

"ಬಳಗಾನೂರಿಗೆ ತವರಿಗೆ ಅಟ್ಟೀನಿ. ಕಳ್ಳಿ ಅಕಿ! ಸೇರು ಜ್ವಾಳಕ್ಕ ನಾ ಎಷ್ಟು ರೊಟ್ಟಿ ಬಡೀತಿದ್ದೆ ನನಗ ಗೊತ್ತಿಲ್ಲೇನು? ಹೋದ ದೀಪಾವಳಿ ಹೊತ್ತಿಗೆ ಮನಿಗೆ ಬಂದ್ಲು, ಅವತ್ತಿಂದ ದಿನಾ ಒಂದು ರೊಟ್ಟಿ ಕಮ್ಮಿ. ಹಿಟ್ಟು ಎಲ್ಲಿ ಹೋತು ಅಂದ್ರ ಕುರಾನ್ ಮುಟ್ಟತೀನಿ ಅಂತಾಳ. ಹೊಟ್ಟಿಬಾಕಿ!"

"ಜ್ವಾಳಾನ ಕಮ್ಮಿ ಇದ್ದೀತು."

"ನಿನ್ನ ಸೇರು ಕಮ್ಮಿಯೇನು? ಹಂಗ ಅಂದ್ರ ನನ್ನ ನಾಲಿಗಿ ಬಿದ್ದೀತು, ಸಾವಕಾರ."

ಅವಳು ನಕ್ಕು ಹೋದಳು. ಅಂಬಪ್ಪನಿಗೆ ನಗು ಬರಲಿಲ್ಲ. ಸೇರಿನೊಳಗೆ ಕೈಯಿಟ್ಟು ಒಳಮೈ ಸವರಿದ. ಗಟ್ಟಿಯಾಗಿ, ದಪ್ಪವಾಗಿ, ತಣ್ಣಗೆ ಇತ್ತು. ಒಳಗೆ ಹೋಗಿ ಹೆಂಡತಿಯನ್ನು ಕೇಳಿದ.

"ಪಾರ್ವತೀ, ಹೊಸಾ ಮೆಂತ್ಯ ಬಳಿಯೂ ಮೊದ್ಲು ಹಳೇದು ಕೆರೀತಿ ಹೌದಲ್ಲೋ?"

ಪಾರ್ವತೆಮ್ಮ ಗಲ್ಲ ಬಡಿದುಕೊಂಡಳು. "ಶಿವಶಿವಾ! ಲಕ್ಷ್ಮಿ ಮೈಗೆ ಉಗುರು ಹಾಕ್ತಾರೇನ್ರೀ? ಅದರ ಮ್ಯಾಲೇ ಬಳಿಯೂದು. ಅತ್ತಿಯವ್ರು ಹಂಗ ಮಾಡ್ತಿದ್ರು, ಅವರತ್ತಿನೂ ಹಂಗ ಮಾಡ್ತಿದ್ರಂತ. ಹೋದ ದೀಪಾವಳ್ಯಾಗ ನೀವು ಜ್ವರ ಬಂದು ಮಲಗಿದ್ರಲ್ಲ, ಹರಕಿ ಹೊತ್ತು ಮೂರು ಪದರ ಬಳದೀನಿ."

ಭಕ್ತಿ ಪದರುಪದರಾಗಿ ಕೂತು ಸೇರಿನ ಹೊಟ್ಟೆಯನ್ನು ನುಂಗಿತ್ತು. ತನ್ನ ಜ್ವರ ಬಿಡಲೆಂದು ಬಳಿದ ಮೆಂತ್ಯ ಇನ್ನೊಬ್ಬರ ಮನೆಯ ಹೆಣ್ಣುಮಗಳಿಗೆ ಕಳ್ಳಿ ಎಂಬ ಹೆಸರು ತಂದಿತ್ತು. ಅಂಬಪ್ಪ ಅದನ್ನು ಬಾಯಿ ಬಿಟ್ಟು ಹೇಳಲಾರದೆ ಹೊರಗೆ ಬಂದ.

ಅಂದಿನಿಂದ ಊಟಕ್ಕೆ ಕೂತರೆ ರೊಟ್ಟಿ ಮುರಿಯಲು ಕೈ ಏಳದು. ಮೊದಲ ಸೇರಿಗೆ 'ಲಾಭ' ಎನ್ನುವುದನ್ನು ಬಿಟ್ಟು 'ಒಂದು' ಎನ್ನತೊಡಗಿದ. ಸೇರಿನ ಮೇಲೆ ಗೋಪುರದಂತೆ ರಾಶಿ ಏರಿಸಿ, ಮತ್ತೆ ಎರಡು ಬೊಗಸೆ ಸುರಿದು ಕೊಡತೊಡಗಿದ. "ಮುದುಕಗ ಅರವು ಮರವು," ಎಂದು ಜನ ನಕ್ಕು ಸೆರಗು ತುಂಬಿಕೊಂಡು ಹೋದರು. ಮಲ್ಲಯ್ಯನನ್ನಾದರೂ ಕೇಳೋಣವೆಂದು ಗುಡ್ಡ ಹತ್ತಿದವನು ಅರ್ಧ ದಾರಿಯಲ್ಲೇ ಕೂತು, ಕೆಳಗಿನ ಪೇಟೆಯನ್ನು ನೋಡಿ ಇಳಿದು ಬಂದ. ಕೇಳುವುದೇನು, ಉತ್ತರ ಅವನಿಗೇ ಗೊತ್ತಿತ್ತು.

ಸಂತೆಯ ಮುಂಚಿನ ದಿನ ಪಾರ್ವತೆಮ್ಮ ಸೇರು ಕಮ್ಮಿಯಾದ ವಿಷಯವನ್ನು ಅವನ ಬಾಯಿಂದ ಹೊರಡಿಸಿದಳು. ಆಮೇಲೆ ತಾನೇ ಬಿಸಿನೀರು, ಕಳೆ ತೆಗೆಯುವ ಕುರ್ಚಿಗಿ ತಂದಿಟ್ಟಳು.

"ನೆನಸಿ ಕೆರದ್ರ ಬರ್ತದ್ರೀ. ಪಾಪ ಬಂದ್ರ ನನಗ ಬರ್ಲಿ. ನಾಳಿ ಸರೀ ಸೇರು ಹಿಡಕೊಂಡು ಹೋಗ್ರಿ. ಯಾರಿಗೂ ಗೊತ್ತಾಗಂಗಿಲ್ಲ."

ಅಂಬಪ್ಪ ಕುರ್ಚಿಗಿ ಹಿಡಿದ. ಅಂಚಿಗೆ ಒತ್ತಿದ. ಚಕ್ಕೆಯೊಂದು ಏಳುವಷ್ಟರಲ್ಲಿ ಕೈ ನಿಂತಿತು.

"ಸೇರು ಸರಿ ಆಗ್ತದ. ಆ ಹುಡುಗಿ?"

"ಯಾವ ಹುಡುಗಿ?"

"ಜಮೀಲಾಬೀ ತವರಿಗೆ ಅಟ್ಟಿದ ಸೊಸಿ. ಸೇರು ಸರಿ ಐತಿ ಅಂದ್ರ ಕಳ್ಳಿ ಅಕೀನ ಅಂದಂಗಾತಲ್ಲ."

ಬಿಸಿನೀರು ಆರಿ ಹೋಯಿತು.

ಸಂತೆಯ ದಿನ ಚಾವಡಿ ತುಂಬಿತ್ತು. ತಹಶೀಲ್ದಾರರು ಕುರ್ಚಿಯಲ್ಲಿ, ಅವರ ಮುಂದೆ ಮೇಜಿನ ಮೇಲೆ ಹೊಳೆಯುವ ಹಿತ್ತಾಳೆ ಸೇರು. ಆದಪ್ಪ ಅಂಬಪ್ಪನ ಬೆನ್ನಿಗೆ ಕೈಯಿಟ್ಟು ಮುಂದೆ ದೂಡಿದ. "ಇವರದ ಸೇರು, ಸಾಹೇಬ್ರ. ಇದರ ಮ್ಯಾಲೆ ಊರ ಆಣಿ ಮಾಡ್ತದ."

ಅಂಬಪ್ಪ ಸೇರನ್ನು ಮೇಜಿನ ಮೇಲಿಟ್ಟ.

"ನನ್ನ ಸೇರು ಕಮ್ಮಿ ಐತ್ರೀ. ಅಳದು ನೋಡ್ರಿ."

ಯಾರೋ ಕಿಸಕ್ಕೆಂದರು. ತಹಶೀಲ್ದಾರರ ಮುನ್ಷಿ ಬಿದಿರಿನ ಸೇರನ್ನು ಜೋಳದಿಂದ ತುಂಬಿ, ಬಾಯಿ ಸಮಕ್ಕೆ ಗೀರಿ, ಹಿತ್ತಾಳೆಯದಕ್ಕೆ ಸುರಿದ. ಜೋಳ ಅಂಚಿನ ಕೆಳಗೇ ನಿಂತಿತು. ಜೋಳದ ಮೇಲೆ ಬರಿದಾಗಿ ಉಳಿದು ಹೊಳೆಯುತ್ತಿದ್ದ ಹಿತ್ತಾಳೆಯನ್ನು ಹಿಂದಿನ ಸಾಲಿನವರೂ ಕಂಡರು.

"ಅವಗ ಜ್ವರ ತಲಿಗೇರ್ಯಾವ್ರೀ," ಎಂದ ಆದಪ್ಪ.

"ಜ್ವರಾ ಹೋದ ವರ್ಷ ಬಂದಿತ್ತು," ಎಂದ ಅಂಬಪ್ಪ. "ಮೆಂತ್ಯ ಬಳದು ಬಳದು ಹಿಂಗಾಗೇತ್ರೀ, ಸಾಹೇಬ್ರ. ಮನ್ಯಾಗ ಯಾರಿಗೂ ಬೇಮಾನಿ ಮನಸಿರಲಿಲ್ಲ. ಖರೆ, ಕಮ್ಮಿ ಕಮ್ಮೀನ. ಕಾನೂನು ಬರ್ಲಿ."

"ಇದಿನ್ನೂ ಕಾನೂನಲ್ಲ, ವಿಚಾರ ಅಷ್ಟೇ," ಎಂದರು ತಹಶೀಲ್ದಾರರು ಮೆತ್ತಗೆ. "ನಿಮ್ಮ ಮಾತು ಮೇಲಕ್ಕೆ ಕಳಿಸ್ತೇನೆ. ಮುಂದಿನದು ಹೈದರಾಬಾದಿನವರಿಗೆ ಬಿಟ್ಟದ್ದು."

ಮಾತು ಮೇಲಕ್ಕೆ ಹೋಯಿತೋ ಇಲ್ಲವೋ, ಪೇಟೆಯ ತುಂಬ ಅಂತೂ ಹೋಯಿತು. ಸಂಜೆ ಆದಪ್ಪ ಎದುರಿಗೆ ಸಿಕ್ಕರೂ ಮುಖ ತಿರುವಿ ನಡೆದ. ಅಂಗಡಿಗೆ ನೊಣವೂ ಸುಳಿಯಲಿಲ್ಲ.

ಮರುದಿನ ಬೆಳಿಗ್ಗೆ ಜಮೀಲಾಬೀ ಬಂದು ಅಂಗಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕಣ್ಣು ಬಾತಿದ್ದವು.

"ನಾ ಆ ಕೂಸಿಗೆ ಎಷ್ಟು ಬೈದೀನಿ ಗೊತ್ತೇನು ನಿನಗ?"

ಅಂಬಪ್ಪ ಎದ್ದು ನಿಂತ. "ಒಂದು ಚೀಲ ಜ್ವಾಳ..."

"ನಿನ್ನ ಜ್ವಾಳಕ್ಕ ಬೆಂಕಿ ಹಚ್ಚು. ಗಾಡಿ ಕಟ್ಟು. ಬಳಗಾನೂರಾಗ ಅಕಿ ಅಪ್ಪನ ಮುಂದ, ಓಣಿ ಮಂದಿ ಮುಂದ ನೀನ ಹೇಳು. ನಾ ಹೇಳಿದ್ರ ಅಕಿ ನಂಬಂಗಿಲ್ಲ. ನಾ ಅಕಿನ್ನ ನಂಬಿದ್ನೇನು?"

"ಮಂದಿ ನನ್ನ ಮಾರಿಗೆ ಉಗುಳಿದ್ರ?"

"ಒರಸ್ಕೋ. ತಲಿಮ್ಯಾಲೆ ಅಷ್ಟುದ್ದ ರುಮಾಲು ಯಾಕ ಸುತ್ತಿ?"

ಪಾರ್ವತೆಮ್ಮ ಒಳಗಿನಿಂದ ಬುತ್ತಿ ತಂದು, ಕೇಳದೆಯೇ ಜಮೀಲಾಬೀಯ ಜೊತೆ ತಾನೂ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಇಬ್ಬರು ಹೆಂಗಸರೂ ಬೆನ್ನಿಗೆ ಬೆನ್ನು ಹಾಕಿ ಕೂತರು. ಅಂಬಪ್ಪ ಹೇಳಬೇಕಾದ ಮಾತುಗಳನ್ನು ಬಾಯಲ್ಲೇ ಕೂಡಿಸುತ್ತ, ಒಡೆಯುತ್ತ ಎತ್ತು ಹೊಡೆದ. ಬಳಗಾನೂರಿನ ಮೊದಲ ಮನೆಗಳು ಕಂಡಾಗ ಒಂದೂ ನೆನಪಿರಲಿಲ್ಲ.

ಬಾವಿಯ ಹತ್ತಿರ ಒಬ್ಬ ಮುದುಕ ಹಗ್ಗ ಹೊಸೆಯುತ್ತಿದ್ದ. ಜಮೀಲಾಬೀ ಮನೆಯ ದಿಕ್ಕು ತೋರಿಸುವ ಮೊದಲೇ ಅಂಬಪ್ಪ ಗಾಡಿಯಿಂದ ಇಳಿದು ಅವನ ಮುಂದೆ ನಿಂತ.

"ಯಜಮಾನ್ರ, ಇಮಾಮ್‌ಬೀ ಅನ್ನಾಕಿ ಮನಿ ಯಾವ ಕಡೆ?"

"ಯಾವ ಇಮಾಮ್‌ಬೀ? ಅತ್ತಿ ಓಡಿಸ್ಯಾಳಲ್ಲ, ರೊಟ್ಟಿ ಕದ್ದಾಕಿ?"

"ಕದ್ದಿಲ್ಲ," ಎಂದ ಅಂಬಪ್ಪ. "ಏಳ್ರಿ, ನೀವೂ ಬರ್ರಿ. ಹೇಳೂದೈತಿ."