ಮುಖ ತೊಳೆದು ಓದಿದ ಸುದ್ದಿ

ನಾನು ಒಂದು ಜಮಖಾನ. ನೆಲದ ಮೇಲೆ ಬಿದ್ದಿರುವುದೇ ನನ್ನ ಕಸುಬಾದರೂ ಹುಟ್ಟಿದ್ದು ಮಾತ್ರ ನಿಂತುಕೊಂಡು. ನವಲಗುಂದದ ಮಾಬೂಬಿಯ ಮನೆಯಲ್ಲಿ ಮಗ್ಗ ಗೋಡೆಗೆ ಆನಿಸಿದ ಏಣಿಯ ಹಾಗೆ ನೆಟ್ಟಗೆ ನಿಂತಿತ್ತು. ಅವಳು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೇಯುತ್ತ ಬಂದಳು. ಕೆಂಪು ಮೈ, ಹಳದಿ ಅಂಚು, ನಡುವೆ ಪಗಡೆಯ ಹಾಸು, ನಾಲ್ಕು ಮೂಲೆಗೆ ನಾಲ್ಕು ನವಿಲು. ನಾಲ್ಕನೆಯ ನವಿಲಿಗೆ ಬರುವಾಗ ಹಸಿರು ನೂಲು ಮುಗಿದುಹೋಗಿ ಅದರ ಕುತ್ತಿಗೆ ಬೂದು ಬಣ್ಣದ್ದಾಯಿತು. ಮಾಬೂಬಿ ಅದನ್ನು ಬಿಚ್ಚಲಿಲ್ಲ. "ಇರ್ಲಿ ಬಿಡು, ಇದು ಬ್ಯಾರೆ ಊರಿನ ನವಿಲು" ಅಂದಳು.

ನನ್ನನ್ನು ಕೊಂಡವರು ಬಂಡೆಪ್ಪ ಮಾಸ್ತರರು. ಮಗಳ ಮದುವೆಯಲ್ಲಿ ಬೀಗರು ನನ್ನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡರು. ಅದಾದ ಮೇಲೆ ನಾಲ್ಕು ವರ್ಷ ಅಟ್ಟದ ಮೇಲೆ ಸುರುಳಿಯಾಗಿ ಬಿದ್ದಿದ್ದೆ. ಹಾಸದ ಜಮಖಾನಕ್ಕೆ ಇಲಿಗಳ ಹೊರತು ನೆಂಟರಿಲ್ಲ.

ಮಾಸ್ತರರ ಮನೆ ಇದ್ದದ್ದು ಹತ್ತಿ ಮಿಲ್ಲಿನ ಓಣಿಯಲ್ಲಿ. ಓಣಿಯವರೆಲ್ಲ ಸೇರಿ ಒಂದು ಸಂಘ ಕಟ್ಟಿದಾಗ ಅವರು ನನ್ನನ್ನು ಅಟ್ಟದಿಂದ ಇಳಿಸಿ, ಬಿಸಿಲಿಗೆ ಹಾಕಿ, ಬಡಿದು, ಸಂಘಕ್ಕೆ ಕೊಟ್ಟರು. ಸಂಘದ ಕೆಲಸ ಎರಡೇ. ಒಂದು ಬಯಲಾಟ ಆಡುವುದು, ಇನ್ನೊಂದು ಗೋಡೆ ಪತ್ರಿಕೆ ಬರೆಯುವುದು. ಶನಿವಾರ ಸಂಜೆ ನನ್ನನ್ನು ಓಣಿಯ ನಡುವೆ ಹಾಸಿದರೆ ಅದೇ ರಂಗಸ್ಥಳ. ಪತ್ರಿಕೆಯ ಹಾಳೆ, ಮಸಿ, ಗೋಂದನ್ನು ವಾರಕ್ಕೊಂದು ಮನೆಯವರು ಕೊಡುತ್ತಿದ್ದರು. ಹಾಗಾಗಿ ಇಂಥದ್ದೇ ಬರೆಯಿರಿ ಎಂದು ಯಾರೊಬ್ಬರೂ ಹೇಳುವಂತಿರಲಿಲ್ಲ.

ಬರೆಯುವವಳು ಚಂದವ್ವ. ಮಿಲ್ಲಿನಲ್ಲಿ ಹತ್ತಿ ಆರಿಸುತ್ತಿದ್ದವಳು, ಮೊಮ್ಮಕ್ಕಳಾದ ಮೇಲೆ ಮಾಸ್ತರರ ಹತ್ತಿರ ಅಕ್ಷರ ಕಲಿತಿದ್ದಳು. ಅವಳು ಪಾಟಿ ಹಿಡಿದು ಕೂರುತ್ತಿದ್ದದ್ದು ನನ್ನ ಮೇಲೆಯೇ. ಬಳಪದ ಪುಡಿ ಇನ್ನೂ ನನ್ನ ಎಳೆಗಳಲ್ಲಿದೆ. ತಾನೇ ಹೋಗಿ ಕಣ್ಣಾರೆ ನೋಡದ ಸುದ್ದಿಯನ್ನು ಅವಳು ಹಾಳೆಯ ಮೇಲೆ ಇಳಿಸುತ್ತಿರಲಿಲ್ಲ. ಆದರೆ ಓಣಿಯಲ್ಲಿ ಓದಬಲ್ಲವರು ಕಡಿಮೆ. ಅದಕ್ಕೆ ಗೋಡೆಗೆ ಅಂಟಿಸುವ ಮುಂಚೆ ಹಾಳೆಯನ್ನು ಎಲ್ಲರಿಗೂ ಕೇಳುವಂತೆ ಓದಬೇಕಿತ್ತು. ಆಟ ಮುಗಿದ ಮೇಲೆ ಓದಿದರೆ ಅರ್ಧ ಜನ ಎದ್ದುಹೋಗಿರುತ್ತಾರೆಂದು ಆಟದ ನಡುವೆಯೇ ಓದುತ್ತಿದ್ದರು. ಓದುವವನು ದ್ಯಾಮಣ್ಣ. ಅವನ ಗಂಟಲು ಮಿಲ್ಲಿನ ಗೇಟಿನವರೆಗೆ ಮುಟ್ಟುತ್ತಿತ್ತು. ಆಟದಲ್ಲಿ ಅವನಿಗೆ ಯಾವಾಗಲೂ ಸುಳ್ಳು ಹೇಳುವ ಮಂತ್ರಿಯ ಪಾತ್ರ.

ನಾನು ಎಲ್ಲರನ್ನೂ ಕೆಳಗಿನಿಂದ ಬಲ್ಲವಳು. ಚಂದವ್ವನ ಹಿಮ್ಮಡಿ ಒಡೆದಿತ್ತು, ಎಳೆ ಸಿಕ್ಕೀತೆಂದು ಮೆಲ್ಲಗೆ ಕಾಲಿಡುತ್ತಿದ್ದಳು. ದ್ಯಾಮಣ್ಣನ ಅಂಗಾಲು ಮಾತ್ರ ಚಪ್ಪಾಳೆ ಬಿದ್ದ ಕೂಡಲೇ ಬಿಸಿಯಾಗುತ್ತಿತ್ತು.

ಒಂದು ಬೇಸಿಗೆಯ ಶನಿವಾರ ಚಂದವ್ವ ಓಡುತ್ತ ಬಂದು ಹಾಳೆ ಕೊಟ್ಟಳು. ಓಣಿಗೆ ನೀರು ಬಿಡುವ ಟ್ಯಾಂಕಿನಲ್ಲಿ ಮಂಗವೊಂದು ಸತ್ತು ಬಿದ್ದಿದೆ, ತಾನೇ ಏಣಿ ಹತ್ತಿ ನೋಡಿದ್ದೇನೆ, ತೊಳೆಯುವವರೆಗೆ ಯಾರೂ ಆ ನೀರು ಕುಡಿಯಬೇಡಿ ಎಂದು ಬರೆದಿತ್ತು. ದ್ಯಾಮಣ್ಣ ಮಂತ್ರಿಯ ಮೀಸೆ, ಕೆನ್ನೆಯ ಕೆಂಪು ಬಣ್ಣ, ಕಾಗದದ ಕಿರೀಟದ ಸಮೇತ ನಿಂತು ಅದನ್ನು ಓದಿದ. ಜನ ನಕ್ಕರು. ಬಳೆ ಮಾರುವ ರಾಚವ್ವ ಮುಂದಿನ ಸಾಲಿನಿಂದ ಕೂಗಿದಳು: "ಮಂಗ್ಯಾ ಬಿದ್ದದ್ದೋ, ಮಂತ್ರಿ ಬಿದ್ದದ್ದೋ?"

ಅವನು ಅಲ್ಲಿಗೆ ನಿಲ್ಲಿಸಿ ಇದು ಆಟವಲ್ಲ ಎನ್ನಬೇಕಿತ್ತು. ಆದರೆ ಅಂಗಾಲು ಆಗಲೇ ಬಿಸಿಯಾಗಿತ್ತು. "ಬಿದ್ದದ್ದು ಮಂತ್ರಿನ, ಎತ್ತಾಕ ನೀನ ಬಾರವಾ" ಅಂದುಬಿಟ್ಟ. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು, ಚಂದವ್ವನ ಕೂಗು ಆ ನಗೆಯಲ್ಲಿ ಮುಳುಗಿಹೋಯಿತು. ಓಣಿ ಮನೆಗೆ ಹೋಗಿ ತಂಬಿಗೆ ತುಂಬಿಸಿ ಅದೇ ನೀರು ಕುಡಿಯಿತು.

ಮೂರು ದಿನದಲ್ಲಿ ಹದಿನೆಂಟು ಜನ ವಾಂತಿಭೇದಿಯಿಂದ ದವಾಖಾನೆ ಸೇರಿದರು. ಪುಣ್ಯಕ್ಕೆ ಎಲ್ಲರೂ ತಿರುಗಿ ಬಂದರು. ಆದರೆ ಮುಂದಿನ ವಾರದ ಹಾಳೆ ಗೋಡೆಯ ಮೇಲೆ ಸುಮ್ಮನೆ ಒಣಗಿತು, ಯಾರೂ ನಿಂತು ನೋಡಲಿಲ್ಲ. ನಾಟಕದವರ ಸುದ್ದಿ, ಯಾವುದು ಖರೆ ಯಾವುದು ಆಟ ಎಂದು ಹೇಗೆ ತಿಳಿಯಬೇಕು ಎಂದು ಓಣಿ ಮಾತಾಡಿತು. ಚಂದವ್ವ ಮಸಿ ಕುಡಿಕೆಯ ಬಾಯಿ ಕಟ್ಟಿಟ್ಟಳು. ದ್ಯಾಮಣ್ಣ ಇನ್ನು ಬಣ್ಣ ಹಚ್ಚುವುದಿಲ್ಲ ಎಂದ. ಸಂಘ ನನ್ನ ಮೇಲೆ ಕುಳಿತು ಬಹಳ ಹೊತ್ತು ಮಾತಾಡಿತು. ಪತ್ರಿಕೆ ಬಿಡೋಣ ಎಂದರು ಕೆಲವರು, ಆಟ ಬಿಡೋಣ ಎಂದರು ಕೆಲವರು.

ಆಗ ದವಾಖಾನೆಯಿಂದ ಬಂದಿದ್ದ ರಾಚವ್ವ, ಕೋಲಿನಂತೆ ಸೊರಗಿದ್ದವಳು, ನನ್ನ ಅಂಚಿನಲ್ಲಿ ಕುಳಿತಳು. "ಏ ದ್ಯಾಮ್ಯಾ, ಆಟಾನೂ ಆಡು, ಸುದ್ದೀನೂ ಓದು. ಆದ್ರ ಓದೂ ಮುಂದ ನಮ್ಮೆದುರಿಗೇ ಮಾರಿ ತೊಳಕೋ. ನಿನ್ನ ಮಾರಿ ಯಾವುದು, ಮಂತ್ರಿ ಮಾರಿ ಯಾವುದು ಅಂತ ನಮಗ ತಿಳೀಲಿ."

ಅಂದಿನಿಂದ ಅದೇ ಕಟ್ಟಳೆಯಾಯಿತು. ಆಟದ ನಡುವೆ ದ್ಯಾಮಣ್ಣ ಕಿರೀಟ ತೆಗೆದು, ಬೇರೆ ಊರಿನ ನವಿಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ತಂಬಿಗೆಯ ನೀರಿನಿಂದ ಮುಖ ತಿಕ್ಕಿ ತೊಳೆಯುತ್ತಿದ್ದ. ಬಣ್ಣದ ನೀರು ನನ್ನ ಮೈಗೆ ಇಳಿಯುತ್ತಿತ್ತು. ಆಮೇಲೆ ಓದು, ಓದಿದ ಮೇಲೆ ಮತ್ತೆ ಬಣ್ಣ ಹಚ್ಚಿಕೊಂಡು ಆಟ. ಒಂದು ಸಂಜೆಗೆ ಎರಡು ಸಲ ಬಣ್ಣ ಹಚ್ಚುವ ನಟ ಬೇರೆಲ್ಲಿಯೂ ಇರಲಿಕ್ಕಿಲ್ಲ. ಮೊದಮೊದಲು ಜನ ಅದಕ್ಕೂ ನಕ್ಕರು. ಬರಬರುತ್ತ ತಂಬಿಗೆ ಬಂದ ಕೂಡಲೇ ಮಕ್ಕಳೂ ಬಾಯಿ ಮುಚ್ಚುವುದು ರೂಢಿಯಾಯಿತು. ಆ ನವಿಲಿನ ಬೂದು ಕುತ್ತಿಗೆ ಕೆಂಪಗಾಯಿತು.

ಎಂಟು ವರ್ಷ ಕಳೆದ ಮೇಲೆ ಒಂದು ಮಳೆಗಾಲ ಊರೂರಿಗೆ ಮಕ್ಕಳ ಕಳ್ಳರು ಬಂದಿದ್ದಾರೆಂದು ಗುಲ್ಲೆದ್ದಿತು. ಚಂದವ್ವ ಎರಡು ದಿನ ಬಸ್ಸಿನಲ್ಲಿ ತಿರುಗಿದಳು. ಮಗು ಕಳೆದಿದೆ ಎಂದು ಹೆಸರು ಕೇಳಿಬಂದ ಮೂರು ಊರಿಗೂ ಹೋಗಿ ವಿಚಾರಿಸಿದಳು. ಅವಳು ಹಾಳೆಯೊಂದಿಗೆ ಓಣಿಗೆ ಕಾಲಿಟ್ಟಾಗ ಆಟ ನಡೆದಿತ್ತು. ಅದೇ ಹೊತ್ತಿಗೆ ಓಣಿಯ ಬಾಯಲ್ಲಿ ಗದ್ದಲ. ಚಾದರ ಮಾರುವ ಪರವೂರಿನವನೊಬ್ಬನನ್ನು ಮಕ್ಕಳ ಕಳ್ಳನೆಂದು ಹಿಡಿದು, ಅಂಗಿ ಹರಿದು ಎಳೆದು ತರುತ್ತಿದ್ದರು. ಕೈಯಲ್ಲಿ ಬಡಿಗೆಗಳಿದ್ದವು. ನೋಡುತ್ತ ಕುಳಿತವರೂ ಎದ್ದು ನಿಂತರು. ಅಷ್ಟು ಕಾಲುಗಳ ನಡುಕ ಒಮ್ಮೆಗೇ ನನ್ನ ಮೈಗೆ ಬಂದದ್ದು ಅದೊಂದೇ ಸಲ.

ದ್ಯಾಮಣ್ಣ ಕೂಗಲಿಲ್ಲ. ಕಿರೀಟ ತೆಗೆದಿಟ್ಟ. ನವಿಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ತಂಬಿಗೆ ಕೇಳಿದ. ಮುಖ ತೊಳೆಯತೊಡಗಿದ, ಎಂದಿನಂತೆ, ಕಿವಿಯ ಹಿಂದಿನ ಬಣ್ಣವನ್ನೂ ಬಿಡದೆ. ಮೊದಲು ಮಕ್ಕಳು ಸುಮ್ಮನಾದರು, ಆಮೇಲೆ ಹೆಂಗಸರು, ಕಡೆಗೆ ಬಡಿಗೆ ಹಿಡಿದವರೂ. ಅವನು ಚಂದವ್ವನ ಕೈಯಿಂದ ಹಾಳೆ ತೆಗೆದುಕೊಂಡು ಓದಿದ. ಮೂರು ಊರಿನಲ್ಲಿಯೂ ಒಂದು ಮಗುವೂ ಕಳೆದಿಲ್ಲ, ಮಗು ಕಳೆದುಕೊಂಡಿದ್ದಾರೆ ಎನ್ನಲಾದ ತಾಯಂದಿರನ್ನೇ ಚಂದವ್ವ ಕಂಡು ಮಾತಾಡಿಸಿ ಬಂದಿದ್ದಾಳೆ, ಎಲ್ಲ ಸುಳ್ಳು ಸುದ್ದಿ.

ರಾಚವ್ವನೇ ಮುಂದೆ ಬಂದಳು. "ಮಾರಿ ತೊಳದು ಹೇಳ್ಯಾನ, ಖರೇ ಐತಿ. ಬಿಡ್ರಿ ಅವನ್ನ."

ಬಿಟ್ಟರು. ಚಾದರದವನನ್ನು ನನ್ನ ಮೇಲೆ ಕೂರಿಸಿ ನೀರು ಕೊಟ್ಟರು. ಅವನ ಪಾದಗಳು ಮಂಜಿನಂತೆ ತಣ್ಣಗಿದ್ದವು. ನನಗೆ ಸಾಧ್ಯವಿದ್ದದ್ದು ಅವಕ್ಕೆ ಬೆಚ್ಚಗಾಗುವುದೊಂದೇ, ಅಷ್ಟು ಮಾಡಿದೆ.

ಈಗ ನನಗೆ ವಯಸ್ಸಾಯಿತು. ನಡು ಸವೆದು ಪಗಡೆಯ ಹಾಸು ಹೋಯಿತು, ಎರಡು ನವಿಲುಗಳನ್ನು ಇಲಿ ತಿಂದಿತು. ಚಂದವ್ವ, ರಾಚವ್ವ, ಮಾಸ್ತರರು ಇಲ್ಲ. ಸಂಘ ಈಗ ಒಂದು ಸಣ್ಣ ರೇಡಿಯೋ ನಡೆಸುತ್ತದೆ, ಸುತ್ತಲ ಆರೇಳು ಹಳ್ಳಿಗೆ ಕೇಳಿಸುತ್ತದೆ. ಆಟವೂ ಸುದ್ದಿಯೂ ಅದರಲ್ಲಿಯೇ. ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮೊಳಗಬಾರದೆಂದು ನನ್ನಲ್ಲಿ ಉಳಿದ ತುಂಡನ್ನು ಮೈಕಿನೆದುರು ಗೋಡೆಗೆ ತೂಗುಹಾಕಿದ್ದಾರೆ. ಹುಟ್ಟಿದಂತೆಯೇ ಮತ್ತೆ ನಿಂತಿದ್ದೇನೆ. ಇಷ್ಟು ವರ್ಷ ಪಾದ ನೋಡಿದವಳಿಗೆ ಈಗ ಮುಖಗಳು ಕಾಣುತ್ತವೆ.

ಸುದ್ದಿ ಓದುವವಳು ರಾಚವ್ವನ ಮೊಮ್ಮಗಳು ಶಕುಂತಲಾ. ರೇಡಿಯೋದಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಅವಳ ಮುಖ ಯಾರಿಗೂ ಕಾಣುವುದಿಲ್ಲ. ಮೊದಲ ದಿನ ಅವಳು ಹಾಳೆ ಹಿಡಿದು ನೇರ ಮೈಕಿನ ಮುಂದೆ ಕುಳಿತಳು. ಮೂಲೆಯ ಕುರ್ಚಿಯಲ್ಲಿದ್ದ ಮುದುಕ ದ್ಯಾಮಣ್ಣ ನನ್ನ ಕಡೆ ನೋಡಿದ. ಅವಳೂ ನೋಡಿದಳು, ಕೆಂಪು ಕುತ್ತಿಗೆಯ ನವಿಲನ್ನು. ಹಾಳೆ ಕೆಳಗಿಟ್ಟು ಹೊರಗೆ ಹೋದಳು. ನಲ್ಲಿಯ ಸಪ್ಪಳ ಕೇಳಿತು. ಒದ್ದೆ ಮುಖದಲ್ಲಿಯೇ ಬಂದು ಕುಳಿತು, ಓದಲು ಶುರುಮಾಡಿದಳು.