ನಾಲ್ಕನೆಯ ದನಿ

ನಮ್ಮ ಮಾವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬುದು ಸಮುದ್ರತೀರಕ್ಕೆ ಬಂದ ಮೊದಲ ದಿನವೇ ನನಗೆ ಗೊತ್ತಾಯಿತು. ಅದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ಕೂತ ಮೂರ್ಖಳೂ ನಾನೇ.

ಮಾವ ಮೂವತ್ತು ವರ್ಷ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. 'ಮದುವೆಯಾದ ಹೊಸದರಲ್ಲಿ ನನ್ನನ್ನೂ ಸೀಟಿ ಊದಿಯೇ ಕರೀತಿದ್ರು' ಎಂದು ಅತ್ತೆ ಈಗಲೂ ಆಡಿಕೊಳ್ಳುತ್ತಾರೆ. ಬೇರೆ ಬೇರೆ ಊರುಗಳಲ್ಲಿರುವ ನಾವೆಲ್ಲ ಪ್ರತಿ ಬೇಸಿಗೆಗೆ ಒಂದು ವಾರ ಇಲ್ಲಿನ ಇದೇ ಬಾಡಿಗೆ ಮನೆಗೆ ಬರುತ್ತೇವೆ: ಅತ್ತೆ, ಮಾವ, ನಾನು, ನನ್ನ ಗಂಡ, ಆರು ವರ್ಷದ ನಮ್ಮ ಪುಟ್ಟಿ, ನಾದಿನಿ, ಅವಳ ಮೂರು ಗಂಡುಮಕ್ಕಳು. ಮಕ್ಕಳು ನೀರಿಗಿಳಿದರೆ ಮಾವ ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಸೀಟಿ. ಸೀಟಿ ಕೇಳಿದ ಕೂಡಲೇ ನಾಲ್ಕೂ ಮಕ್ಕಳು ಕೈ ಎತ್ತಬೇಕು, ಮಾವ ಎಣಿಸಬೇಕು. ಉಳಿದ ನಾವು ಅವರನ್ನು ನಂಬಿ ಆರಾಮಾಗಿ ಕಾಲು ಚಾಚುತ್ತೇವೆ.

ಈ ಸಲ ಮಾವ ನಿಯಮ ಬದಲಿಸಿದರು. 'ಕೈ ಎತ್ತೋದು ಬೇಡ. ದೊಡ್ಡವನಿಂದ ಶುರುಮಾಡಿ ಒಂದು, ಎರಡು ಅಂತ ಕೂಗಿ. ಜೋರಾಗಿ!'

ಮಕ್ಕಳಿಗೆ ಖುಷಿಯೋ ಖುಷಿ. ಎಲ್ಲರಿಗಿಂತ ಚಿಕ್ಕವಳಾದ ಪುಟ್ಟಿಯದು ನಾಲ್ಕನೆಯ ನಂಬರು. ನನಗೆ ಮಾತ್ರ ಬೆಳಗಿನದು ನೆನಪಾಯಿತು. ಹನ್ನೊಂದು ವರ್ಷದಿಂದ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ನಾನು. ಅವತ್ತು ಬೆಳಗ್ಗೆ ಮಾವ ಚಹಾದ ಲೋಟಕ್ಕೆ ಕೈ ಚಾಚುವಾಗ ಪಕ್ಕದ ಗೋಡೆ ನೋಡುತ್ತಿದ್ದರು. ಮಾತಾಡುವಾಗ ನನ್ನ ಮುಖ ಬಿಟ್ಟು ಕಿವಿಯಾಚೆಗೆ ನೋಡುತ್ತಿದ್ದರು. ನೋಟದ ನಡುಭಾಗ ಹೋದವರು ಹೀಗೆ ಕಣ್ಣಂಚಿನಿಂದ ನೋಡುತ್ತಾರೆ. ಅದಕ್ಕೆ ನಮ್ಮ ಅಂಗಡಿಯಲ್ಲಿ ಕನ್ನಡಕವಿಲ್ಲ.

ಸಂಜೆ ಅಡುಗೆಮನೆಯಲ್ಲಿ ಒಬ್ಬರೇ ಸಿಕ್ಕಾಗ ಕೇಳಿಯೇಬಿಟ್ಟೆ.

'ಮಾವ, ಎಷ್ಟು ದಿನದಿಂದ ಹೀಗೆ?'

ಅವರು ಸುಳ್ಳು ಹೇಳಲಿಲ್ಲ. 'ಎಂಟು ತಿಂಗಳಾಯ್ತು. ಡಾಕ್ಟರು ಕೈಚೆಲ್ಲಿದ್ರು. ಯಾರಿಗೂ ಹೇಳ್ಬೇಡಮ್ಮ.'

'ಮಕ್ಕಳು ನೀರಲ್ಲಿರ್ತಾರೆ ಮಾವ!'

'ಕಿವಿ ಚೆನ್ನಾಗೇ ಇದೆ. ಈ ಒಂದು ವಾರ ಕಳೀಲಿ, ಊರಿಗೆ ಹೋದ್ಮೇಲೆ ನಾನೇ ಎಲ್ಲರಿಗೂ ಹೇಳ್ತೀನಿ. ನನಗೆ ಅಂತ ಉಳಿದಿರೋದು ಇದೊಂದೇ ಕೆಲಸ. ಅದನ್ನೂ ಕಿತ್ಕೊಂಡ್ರೆ ನಾನು ಕೂತಿರೋದು ಕುರ್ಚಿ ಮೇಲೆ ಇನ್ನೊಂದು ಕುರ್ಚಿ ಇಟ್ಟಂಗೆ, ಅಷ್ಟೆ.'

ಆ ಮಾತಿಗೆ ಕರಗಿಹೋದೆ. ಹೂಂ ಎಂದುಬಿಟ್ಟೆ.

ಮಾರನೆಯ ದಿನದಿಂದ ಶುರುವಾಯಿತು ನನ್ನ ಕಾವಲು. ಮಾವನ ಕುರ್ಚಿಯ ಹಿಂದೆ ಟವೆಲ್ ಹಾಸಿಕೊಂಡು ಕೂತು ಪುಟ್ಟಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಅವಳ ತಲೆ ಅಲೆಯ ಹಿಂದೆ ಮರೆಯಾದಾಗಲೆಲ್ಲ ಅರ್ಧ ಎದ್ದುನಿಲ್ಲುತ್ತಿದ್ದೆ. 'ಏನತ್ತಿಗೆ, ಅಪ್ಪ ಇದ್ದಾರಲ್ಲ, ನೀವ್ಯಾಕೆ ಗೂಬೆ ಥರ ಕೂತಿದ್ದೀರ?' ಎಂದು ನಾದಿನಿ ನಕ್ಕಳು. ಊಟಕ್ಕೆ ಕೂತಾಗಲೆಲ್ಲ ಗಂಡನಿಗೆ ಹೇಳಿಬಿಡಲು ಬಾಯಿ ತೆರೆಯುತ್ತಿದ್ದೆ. ಎದುರಿಗೆ ಮಾವ ತಟ್ಟೆ ತಡವರಿಸುವುದು ಕಂಡು, ತೆರೆದ ಬಾಯಿಗೆ ತುತ್ತು ಹಾಕಿಕೊಳ್ಳುತ್ತಿದ್ದೆ.

ನಾದಿನಿಯ ಮೂರನೆಯವನನ್ನು ಎಲ್ಲರೂ ಕರೆಯುವುದು ಕಪಿ ಎಂದೇ. ಯಾರ ದನಿಯನ್ನಾದರೂ ಹಾಗೇ ಅಣಕಿಸುತ್ತಾನೆ. ನನ್ನ ದನಿಯಲ್ಲಿ 'ರೀ, ಬೇಗ ಬನ್ನಿ' ಎಂದು ಕರೆದು ನನ್ನ ಗಂಡನನ್ನು ಎರಡು ಸಲ ಬೇಸ್ತು ಬೀಳಿಸಿದ್ದ.

ನಾಲ್ಕನೆಯ ದಿನ ಮಧ್ಯಾಹ್ನ ನೀರು ಏರುತ್ತಿತ್ತು, ಅಲೆಯ ಸದ್ದೂ ಜೋರಾಗಿತ್ತು. ನಾನು ಕಿತ್ತಳೆ ಸುಲಿಯುತ್ತಿದ್ದೆ. ಸಿಪ್ಪೆಯ ರಸ ಚಿಮ್ಮಿ ಕಣ್ಣಿಗೆ ಬಿತ್ತು. ಉರಿ ತಾಳಲಾರದೆ ಕಣ್ಣುಜ್ಜಿಕೊಳ್ಳುತ್ತಾ ಎಷ್ಟು ಹೊತ್ತು ಕೂತೆನೋ, ಸೀಟಿ ಕೇಳಿತು.

'ಒಂದು!' 'ಎರಡು!' 'ಮೂರು!' ಆಮೇಲೆ ಸ್ವಲ್ಪ ತಡವಾಗಿ, ತೆಳ್ಳಗೆ, 'ನಾಲ್ಕು!'

ಸದ್ಯ, ಎಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಒಂದು ತೊಳೆ ಬಾಯಿಗೆ ಹಾಕಿಕೊಂಡೆ.

ಕುರ್ಚಿ ಹಿಂದಕ್ಕೆ ಉರುಳಿದ ಸದ್ದಾಯಿತು. ಮಾವ ಎದ್ದು ನಿಂತಿದ್ದರು. 'ನಾಲ್ಕು, ಇನ್ನೊಂದ್ಸಲ ಕೂಗು!'

'ನಾಲ್ಕು!'

'ಅದು ಪುಟ್ಟಿ ಅಲ್ಲ.'

ಹೆತ್ತ ನನಗೆ ತಿಳಿಯದ್ದು ಅವರಿಗೆ ತಿಳಿದಿತ್ತು. ಉಸಿರು ಕಟ್ಟುವವರೆಗೆ ಸೀಟಿ ಊದಿದರು. ಆಮೇಲೆ ಇಡೀ ದಡಕ್ಕೆ ಕೇಳುವಂತೆ, 'ಮಗು ಇಲ್ಲ! ಎಲ್ಲರೂ ಬನ್ನಿ, ಹುಡುಕಿ! ನನಗೆ ಕಣ್ಣು ಕಾಣಿಸಲ್ಲ, ನನಗೆ ಕಾಣಿಸಲ್ಲ!' ಎಂದು ಕೂಗಿಕೊಂಡರು. ಎಂಟು ತಿಂಗಳು ಮುಚ್ಚಿಟ್ಟಿದ್ದನ್ನು ಕೂಗಿ ಹೇಳಲು ಅವರು ಅರೆಗಳಿಗೆಯೂ ಯೋಚಿಸಲಿಲ್ಲ.

ಉರಿಯುವ ಕಣ್ಣು ಬಿಟ್ಟು ನೋಡಿದೆ. ನೀರಿನಲ್ಲಿ ಮೂರೇ ತಲೆಗಳಿದ್ದವು. ನಾದಿನಿ ಕಪಿಯ ರಟ್ಟೆ ಹಿಡಿದು ಎಳೆದು ತಂದಳು. ಅವನು ಬಿಕ್ಕುತ್ತಾ, 'ಏಡಿ ನೋಡೋಕೆ ಬಂಡೆ ಹಿಂದೆ ಹೋದ್ಲು. ಅವಳ ನಂಬರ್ ಕೂಗಿದ್ರೆ ಬಿಸ್ಕತ್ತು ಕೊಡ್ತೀನಿ ಅಂದ್ಲು' ಎಂದ.

ಗಂಡ ಅಷ್ಟರಲ್ಲಿ ಓಡಿದ್ದ. ಹಿಂದೆಯೇ ಓಡಿದ ನಾನು ಎರಡು ಸಲ ಬಿದ್ದೆ. ದಡಕ್ಕೂ ಬಂಡೆಗೂ ನಡುವೆ ಆಗಲೇ ನೀರು ತುಂಬಿಕೊಂಡಿತ್ತು. ಪುಟ್ಟಿ ಬಂಡೆಯ ಮೇಲೆ ಮೊಣಕಾಲುದ್ದ ನೀರಲ್ಲಿ ನಿಂತು, ಅದರ ಚೂಪು ತುದಿಯೊಂದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. ಹೆದರಿಕೆಗೆ ಅಳುವೂ ಬಂದಿರಲಿಲ್ಲ. ಗಂಡ ಎದೆಮಟ್ಟದ ನೀರಲ್ಲಿ ಹೋಗಿ ಅವಳನ್ನು ಹೆಗಲ ಮೇಲೆ ಹೊತ್ತು ತಂದ. ಅವರು ತಿರುಗಿ ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಅಲೆ ಆ ಬಂಡೆಯನ್ನು ಪೂರ್ತಿ ಮುಳುಗಿಸಿತ್ತು.

ಟವೆಲ್ ಸುತ್ತಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅತ್ತೆ ಅವಳ ಪಾದ ತಿಕ್ಕುತ್ತಿದ್ದರು. ನಾದಿನಿ ಮೊದಲು ಕಪಿಯನ್ನು ಬೈದಳು, ಆಮೇಲೆ ಮಾವನ ಕಡೆ ತಿರುಗಿದಳು. 'ಕಾಣಿಸ್ದೇ ಇದ್ರೆ ಯಾಕಪ್ಪ ಈ ಕುರ್ಚೀಲಿ ಕೂತ್ರಿ? ಮಕ್ಕಳ ಜೀವ ಅಂದ್ರೆ ಆಟಾನಾ?'

ಮಾವ ಕೊರಳಿನ ಸೀಟಿ ಬಿಚ್ಚಿ ಮರಳಿನ ಮೇಲಿಟ್ಟರು.

ಗಂಡ ನನ್ನನ್ನು ನೋಡಿದ. 'ದಿನಾ ಹತ್ತಾರು ಜನರ ಕಣ್ಣು ನೋಡ್ತೀಯ. ನಿನಗೂ ಗೊತ್ತಾಗ್ಲಿಲ್ವಾ?'

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು. 'ಅವಳಿಗೇನು ಗೊತ್ತು ಪಾಪ. ಅವಳಿಗೂ ಗೊತ್ತಾಗದ ಹಾಗೆ ನಡ್ಕೊಂಡೆ. ತಪ್ಪೆಲ್ಲ ನನ್ನದೇ.'

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಕ್ಷಣ ಜೀವಕ್ಕೆ ಹಾಯೆನಿಸಿತು. ಬೈಗುಳವೆಲ್ಲ ಅವರ ತಲೆಗೆ ಹೋಗುತ್ತದೆ, ನಾನು ಮಗುವನ್ನು ತಬ್ಬಿಕೊಂಡು ಅಳುತ್ತಾ ಕೂತರೆ ಸಾಕು. ಯಾರೂ ಏನೂ ಕೇಳುವುದಿಲ್ಲ.

ಮಾವ ಮುಖವನ್ನು ಸ್ವಲ್ಪ ಸಮುದ್ರದ ಕಡೆ ತಿರುಗಿಸಿದರು. ಅಲೆ ನೋಡುತ್ತಿದ್ದಾರೆ ಎಂದು ಉಳಿದವರು ಅಂದುಕೊಂಡಿರಬೇಕು. ಅವರು ಕಣ್ಣಂಚಿನಿಂದ ನನ್ನನ್ನೇ ನೋಡುತ್ತಿದ್ದರು.

'ಗೊತ್ತಿತ್ತು,' ಎಂದೆ. 'ಮೊದಲನೇ ದಿನದಿಂದಲೇ ಗೊತ್ತಿತ್ತು.'